ಕಾಂಪೌಂಡ್ ಮೂಲೆಗೆ ಅಡ್ಡ ಮೆಶ್: ಎಷ್ಟೆಷ್ಟು ಅಡಿಗೆ ಕಂಬ ನೆಟ್ಟರೆ ಜಾಗ ಜಾಸ್ತಿ?

ಅಣ್ಣಾ, ಮುಳಬಾಗಿಲು ತೋಟದ ಕಾಂಪೌಂಡ್ ಮೂಲೆಗೆ 68 ಅಡಿ ಚೈನ್‌ಲಿಂಕ್ ಮೆಶ್ ಅಡ್ಡ ಎಳೆದು ಕುರಿದೊಡ್ಡಿ ಮಾಡಬೇಕು, ಮೂಲೆಯಿಂದ ಆ ಕಡೆ ಈ ಕಡೆ ಎಷ್ಟೆಷ್ಟು ಅಳೆಯಲಿ ಅಂತ ಕೇಳಿದ್ದೀರಿ. ಎರಡೂ ಕಡೆ ಸಮ ಅಳೆಯಿರಿ. ಕಂಬಕ್ಕೆ ಸುತ್ತೋಕೆ ತುದಿಗೆ ಒಂದೊಂದಡಿ ಹೋದರೆ ಉಳಿಯೋದು 66. ಮೂಲೆ ಲಂಬಕೋನದಲ್ಲಿದ್ದರೆ ಅದನ್ನು 1.414ರಿಂದ (2ರ ವರ್ಗಮೂಲ) ಭಾಗಿಸಿ: 46 ಅಡಿ 8 ಇಂಚು. ಸಿಗುವ ಜಾಗ 1089 ಚದರಡಿ, ಸರಿಯಾಗಿ ಒಂದು ಗುಂಟೆ.

ಯಾಕೆ ಸಮವೇ ಆಗಬೇಕು? ಲಂಬಕೋನ ತ್ರಿಭುಜದಲ್ಲಿ ವಿಕರ್ಣದ (ಮೂಲೆಗೆ ಎದುರಿನ ಬದಿ, ಇಲ್ಲಿ ಮೆಶ್) ನಡುಬಿಂದುವಿನಿಂದ ಮೂಲೆಗೆ ಯಾವಾಗಲೂ ವಿಕರ್ಣದ ಅರ್ಧದಷ್ಟೇ ದೂರ. ಇಲ್ಲಿ 33 ಅಡಿ. ಮೆಶ್ ಎತ್ತ ಜರುಗಿಸಿದರೂ ಇದು ಬದಲಾಗಲ್ಲ. ಮೂಲೆಯಿಂದ ಮೆಶ್‌ಗೆ ಲಂಬವಾಗಿ ಅಳೆಯುವ ದೂರ (ತ್ರಿಭುಜದ ಎತ್ತರ) ಆ 33ನ್ನು ಮೀರೋಕಾಗಲ್ಲ. ಅಷ್ಟನ್ನು ಮುಟ್ಟೋದು ಬದಿಗಳು ಸಮ ಇದ್ದಾಗ ಮಾತ್ರ. 66 × 33, ಅದರರ್ಧ 1089.

ಇನ್ನೊಬ್ಬರು 3-4-5 ಲೆಕ್ಕದಲ್ಲಿ (ಮೂರು ಬದಿಗಳು 3:4:5 ಅನುಪಾತದಲ್ಲಿದ್ದರೆ ಮೂಲೆ ಲಂಬ) 39.6 ಮತ್ತು 52.8 ಅಡಿ ಅಂದಿದ್ದಾರೆ. ಅದರಲ್ಲಿ 1045 ಚದರಡಿ ಬರುತ್ತೆ, ನಷ್ಟ ಬರೀ 4 ಪರ್ಸೆಂಟ್. ಹಾಗಾಗಿ ಒಂದಡಿ ಆಚೀಚೆ ಆಯ್ತು ಅಂತ ಕಂಬ ಕೀಳಬೇಡಿ. ಆದರೆ ಒಂದು ಕಡೆ 20 ಅಡಿಗೇ ನಿಲ್ಲಿಸಿದರೆ 629ಕ್ಕೆ ಇಳಿಯುತ್ತೆ. ಒಂದು ಗೋಡೆ 40 ಅಡಿಗೆ ಮುಗಿದಿದ್ದರೆ ಅದನ್ನು ಪೂರ್ತಿ ಬಳಸಿ, ಇನ್ನೊಂದು ಕಡೆ 52 ಅಡಿ 6 ಇಂಚು ಹಿಡಿಯಿರಿ.

3-4-5 ನಿಜವಾಗಿ ಬೇಕಾಗೋದು ಮೂಲೆ ಪರೀಕ್ಷೆಗೆ. ಒಂದು ಗೋಡೆಗೆ 12, ಇನ್ನೊಂದಕ್ಕೆ 16 ಅಡಿಗೆ ಗುರುತು ಹಾಕಿ, ನಡುವೆ ಟೇಪು ಹಿಡಿಯಿರಿ. 20 ಬಂದರೆ ಮೂಲೆ ಲಂಬ. ಜಾಸ್ತಿ ಬಂದರೆ ಮೂಲೆ ಅಗಲವಾಗಿದೆ, ಜಾಗ ಸ್ವಲ್ಪ ಕಮ್ಮಿಯಾಗುತ್ತೆ. ಆಗಲೂ ಸಮ ಬದಿಯೇ ಸರಿ, ಆದರೆ 1.414 ಲೆಕ್ಕ ನಡೆಯಲ್ಲ. 66 ಅಡಿ ದಾರ ಎಳೆದು ಎರಡು ತುದಿಯನ್ನೂ ಸಮವಾಗಿ ಜರುಗಿಸಿ ನೋಡಿ.

ಗೋಡೆಯೇ ಇಲ್ಲದೆ ಮೂರೂ ಕಡೆ ಅದೇ 66 ಅಡಿ ಸುತ್ತುವವರು ತ್ರಿಕೋನದ ಆಸೆ ಬಿಡಿ. ಲಂಬಕೋನದಲ್ಲಿ ಹೆಚ್ಚೆಂದರೆ 187 ಚದರಡಿ, ಚೌಕ ಮಾಡಿದರೆ 272.

ನಿಮಗಂತೂ ಇನ್ನೂ ಒಳ್ಳೇ ದಾರಿ ಇದೆ. ಮೆಶ್ ನೇರವಾಗೇ ಇರಬೇಕು ಅಂತೇನಿಲ್ಲವಲ್ಲ? ಮೂಲೆಗೆ ದಾರ ಕಟ್ಟಿ 43 ಅಡಿ 1 ಇಂಚು ದೂರಕ್ಕೆ ಮೂರು ಗುರುತು ಹಾಕಿ: ಎರಡು ಗೋಡೆ ಪಕ್ಕ, ಒಂದು ಸರಿ ಮಧ್ಯಕ್ಕೆ. ಗುರುತಿಂದ ಗುರುತಿಗೆ 33 ಅಡಿ ಬರುತ್ತೆ, ಜಾಗ ಸುಮಾರು 1310 ಚದರಡಿಗೆ ಏರುತ್ತೆ. ಮೆಶ್ ಮಧ್ಯದ ಕಲ್ಲುಕಂಬವನ್ನು ಒಳಗೆ, ಮೂಲೆ ಕಡೆಗೆ ಎಳೆಯುತ್ತೆ. ಅದಕ್ಕೆ ಸಪೋರ್ಟ್ ಕಲ್ಲು ಒಳಗಡೆಯಿಂದಲೇ ಕೊಡಿಸಿ.