ತಾತನ ಬಂದೂಕು, ಹಾರುವ ಬಿಲ್ಲೆ

ಪ್ರಶ್ನೆ: ನಾನು ಶಿರಾ ತಾಲ್ಲೂಕಿನ ಹಳ್ಳಿಯೊಂದರವನು, ವಯಸ್ಸು 34. ಕಡಲೆಕಾಯಿ ಹೊಲಕ್ಕೆ ನುಗ್ಗುವ ಹಂದಿಗಳ ಕಾಟಕ್ಕೆಂದು ನಮ್ಮ ತಾತ ಪರವಾನಗಿ ಪಡೆದು ಇಟ್ಟುಕೊಂಡಿರುವ 12 ಬೋರಿನ (ಬೋರ್ ಎಂದರೆ ನಳಿಗೆಯ ಒಳಗಲದ ಅಳತೆ) ಡಬಲ್ ಬ್ಯಾರಲ್ ಬಂದೂಕು ಮನೆಯಲ್ಲಿದೆ. ತಾತನಿಗೆ 80 ದಾಟಿದೆ. ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮಹೇಶ್ವರಿ ಚೌಹಾಣ್ ಮತ್ತು ಅನಂತ್‌ಜೀತ್ ಸಿಂಗ್ ನರೂಕಾ ಅವರು ಸ್ಕೀಟ್‌ನ ಮಿಶ್ರ ತಂಡ ವಿಭಾಗದಲ್ಲಿ ನಾಲ್ಕನೆಯವರಾದುದನ್ನು ಕಂಡಂದಿನಿಂದ ಹಾರುವ ಬಿಲ್ಲೆಗೆ ಗುರಿಯಿಡುವ ಈ ಆಟವನ್ನು ಕಲಿಯುವ ಮನಸ್ಸಾಗಿದೆ. ತಾತನ ಬಂದೂಕಿನಲ್ಲೇ ಆರಂಭಿಸಬಹುದೇ? ಬೇರೆ ಕೊಳ್ಳುವುದಾದರೆ ಯಾವುದು ಸೂಕ್ತ?

ಉತ್ತರ: ಮನೆಯಲ್ಲಿರುವುದರಿಂದಲೇ ಶುರುಮಾಡುವ ಆಸೆ ಸಹಜವಾದುದು. ಆದರೆ ಅದಕ್ಕೆ ಎರಡು ಅಡ್ಡಿಗಳಿವೆ, ಒಂದು ಕಾಗದದ್ದು, ಇನ್ನೊಂದು ಕಬ್ಬಿಣದ್ದು.

ಕಾಗದದ ಅಡ್ಡಿಯನ್ನು ಮೊದಲು ಹೇಳುತ್ತೇನೆ. ಪರವಾನಗಿ ತಾತನವರ ಹೆಸರಿನಲ್ಲಿದೆ. ಬೆಳೆ ರಕ್ಷಣೆಗೆಂದು ಕೊಟ್ಟ ಪರವಾನಗಿಯಲ್ಲಿ ಉದ್ದೇಶವೂ ಪ್ರದೇಶವೂ ನಮೂದಾಗಿರುವುದರಿಂದ ಅದೇ ಬಂದೂಕನ್ನು ಹೆಗಲಿಗೇರಿಸಿಕೊಂಡು ನೀವು ದೂರದ ಶೂಟಿಂಗ್ ರೇಂಜಿಗೆ ಹೊರಡುವಂತಿಲ್ಲ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಪರವಾನಗಿದಾರರಿಗೆ 70 ವರ್ಷ ತುಂಬಿದ್ದರೆ, ಇಲ್ಲವೇ ಬಂದೂಕು ಅವರ ಬಳಿ 25 ವರ್ಷ ಇದ್ದಿದ್ದರೆ, ಅವರು ಹೆಸರಿಸಿದ ವಾರಸುದಾರರು ತಮ್ಮ ಹೆಸರಿಗೆ ಪರವಾನಗಿ ಕೋರಿ ಜಿಲ್ಲಾ ದಂಡಾಧಿಕಾರಿಗಳಿಗೆ, ಅಂದರೆ ತುಮಕೂರಿನಲ್ಲಿ ಜಿಲ್ಲಾಧಿಕಾರಿಗಳಿಗೆ, ಅರ್ಜಿ ಹಾಕಿಕೊಳ್ಳಬಹುದು. ಅರ್ಜಿಯಲ್ಲಿ ಕ್ರೀಡೆಯ ಉದ್ದೇಶವನ್ನು ಸ್ಪಷ್ಟವಾಗಿ ಬರೆಯಿರಿ. ಪರವಾನಗಿ ಕೈಗೆ ಬಂದಿತೆಂದು ಹೊಲದ ಬದುವಿನಲ್ಲಿ ನಿಂತು ಅಭ್ಯಾಸ ಮಾಡುವ ಯೋಚನೆಯನ್ನಂತೂ ಇಟ್ಟುಕೊಳ್ಳಬೇಡಿ. ಚರೆ, ಅಂದರೆ ತೋಟಾದಿಂದ ಹೊರಡುವ ಸಣ್ಣ ಗುಂಡುಗಳು, ಇನ್ನೂರು ಮೀಟರಿನಾಚೆಗೂ ಬೀಳುತ್ತದೆ, ಕುರಿ ಕಾಯುವವರು ಎಲ್ಲಿರುತ್ತಾರೋ ಹೇಳಲಾಗದು.

ಕಬ್ಬಿಣದ ಅಡ್ಡಿ ಇನ್ನೂ ಮುಖ್ಯವಾದುದು. ಹಳೆಯ ಬಂದೂಕುಗಳಲ್ಲಿ ಅನೇಕವು 65 ಮಿ.ಮೀ. ಉದ್ದದ ತೋಟಾಕ್ಕೆಂದು ತಯಾರಾದವು, ಇಂದಿನ ತೋಟಾ ಸಾಮಾನ್ಯವಾಗಿ 70 ಮಿ.ಮೀ. ಇರುತ್ತದೆ. ಮೋಸ ಎಲ್ಲಿದೆಯೆಂದರೆ, ಬಾಯಿ ಮಡಚಿದ ಹೊಸ ತೋಟಾ ಹಳೆಯ ಬಂದೂಕಿನೊಳಗೆ ಸಲೀಸಾಗಿ ಕೂರುತ್ತದೆ. ಹಾರಿಸಿದಾಗ ಆ ಮಡಿಕೆ ಬಿಚ್ಚಿಕೊಂಡು ಮುಂದಿನ ಕಿರಿದಾದ ಭಾಗಕ್ಕೆ ಚಾಚಿ, ಚರೆ ಹೊರಡುವ ದಾರಿಯನ್ನು ಬಿಗಿಮಾಡಿ, ಒತ್ತಡವನ್ನು ಅಪಾಯದ ಮಟ್ಟಕ್ಕೆ ಏರಿಸುತ್ತದೆ. ನಳಿಗೆಯ ಮೇಲೆ ಹೆಣೆದಂತೆ ಅಲೆಅಲೆಯಾದ ಗೆರೆಗಳಿದ್ದರೆ ಅದು ಕಪ್ಪು ಮದ್ದಿನ ಕಾಲದ್ದಿರಬಹುದು, ಅದನ್ನು ಗೋಡೆಯ ಮೇಲೆ ಬಿಡುವುದೇ ಲೇಸು. ಏನಿದ್ದರೂ ಪರವಾನಗಿ ಪಡೆದ ಬಂದೂಕು ರಿಪೇರಿಯವರಿಗೆ ತೋರಿಸಿ ಅಳತೆ ತೆಗೆಸದೆ ಒಂದು ತೋಟಾವನ್ನೂ ಹಾಕಬೇಡಿ. ಹಂದಿಗೆಂದು ಇಟ್ಟ, ದಪ್ಪ ಚರೆಯ ಎಲ್‌ಜಿ ತೋಟಾ ಈ ಆಟಕ್ಕೆ ಬಾರದು. ಅಂತಾರಾಷ್ಟ್ರೀಯ ನಿಯಮದಲ್ಲಿ ಚರೆಯ ತೂಕ ಹೆಚ್ಚೆಂದರೆ 24 ಗ್ರಾಂ, ಒಂದೊಂದು ಚರೆಯ ಗಾತ್ರ ಹೆಚ್ಚೆಂದರೆ 2.6 ಮಿ.ಮೀ.

ಎಲ್ಲವೂ ಸರಿಯಿದೆಯೆಂದೇ ಇಟ್ಟುಕೊಳ್ಳಿ. ಆಗಲೂ ನಳಿಗೆಗಳು ಅಕ್ಕಪಕ್ಕದಲ್ಲಿರುವ ಆ ಬಂದೂಕು ಕಲಿಯುವವರಿಗೆ ಒಳ್ಳೆಯ ಗುರುವಲ್ಲ ಎಂಬುದು ನನ್ನ ಅಭಿಪ್ರಾಯ. ಹೊಲ ಸುತ್ತುವವರಿಗೆ ಅನುಕೂಲವಾಗಲೆಂದು ಅದನ್ನು ಹಗುರವಾಗಿ ಮಾಡಿರುತ್ತಾರೆ, ಹಗುರವಾದಷ್ಟೂ ಭುಜಕ್ಕೆ ಬೀಳುವ ಒದೆತ ಹೆಚ್ಚು. ಸ್ಕೀಟ್‌ನಂತೆಯೇ ಬಿಲ್ಲೆ ಒಡೆಯುವ ಇನ್ನೊಂದು ಆಟವಾದ ಟ್ರ್ಯಾಪ್‌ನ ಒಂದು ಸುತ್ತಿಗೆ 25 ಬಿಲ್ಲೆ. ಪ್ರತಿ ಬಿಲ್ಲೆಗೂ ಎರಡು ತೋಟಾ ಹಾರಿಸಲು ಅವಕಾಶವಿರುವುದರಿಂದ 50 ಒದೆತಗಳಾದರೂ ಆಶ್ಚರ್ಯವಿಲ್ಲ. ಎರಡನೆಯ ಸುತ್ತಿನ ಹೊತ್ತಿಗೆ ಭುಜ ನೊಂದು, ಬಂದೂಕಿನ ಕುದುರೆ (ಟ್ರಿಗರ್) ಎಳೆಯುವ ಮೊದಲೇ ಮೈ ಮುದುಡುವ ಅಭ್ಯಾಸ ಅಂಟಿಕೊಂಡರೆ ಬಿಡಿಸುವುದು ಬಹಳ ಕಷ್ಟ. ಆದ್ದರಿಂದ ಈ ಆಟದವರು ಒಂದರ ಮೇಲೊಂದು ನಳಿಗೆಯಿರುವ, ಮೂರೂವರೆ ಕಿಲೋ ಆಸುಪಾಸಿನ ಬಂದೂಕನ್ನು ಬಯಸುತ್ತಾರೆ. ನೋಡುವ ಗೆರೆ ಕಿರಿದಾಗಿರುತ್ತದೆ, ಕೆಳಗಿನ ನಳಿಗೆ ಮೊದಲು ಹಾರುವುದರಿಂದ ಒದೆತ ನೇರ ಹಿಂದಕ್ಕೆ ಬಂದು ಬಂದೂಕಿನ ಮೂತಿ ಹೆಚ್ಚು ಎಗರುವುದಿಲ್ಲ, ಎರಡನೆಯ ಬಾರಿಗೆ ಕಣ್ಣು ಬಿಲ್ಲೆಯನ್ನು ಬೇಗ ಹಿಡಿಯುತ್ತದೆ.

ಈಗ ಆಯ್ಕೆಯ ಮಾತು. ಕೊಳ್ಳುವವರೆಲ್ಲ ಮೊದಲು ಕೇಳುವುದು ಕಂಪನಿಯ ಹೆಸರನ್ನು. ಬೆರೆಟ್ಟಾ, ಪೆರಾಜ್ಜಿಗಳೆರಡೂ ಇಟಲಿಯ ಬ್ರೆಷಾ ಪ್ರಾಂತ್ಯದವು, ಎರಡೂ ಉತ್ತಮವಾದವು. ಆದರೆ ನಿಮ್ಮ ಭುಜಕ್ಕೆ ಹೊಂದದ ಪೆರಾಜ್ಜಿಗಿಂತ ಹೊಂದುವ ಸಾಧಾರಣ ಬಂದೂಕೇ ಹೆಚ್ಚು ಬಿಲ್ಲೆ ಒಡೆಯುತ್ತದೆ. ರೈಫಲ್‌ಗಿರುವಂತೆ ಇದಕ್ಕೆ ಹಿಂಬದಿಯ ಗುರಿಗಣ್ಣಿಲ್ಲ, ಆ ಜಾಗದಲ್ಲಿರುವುದು ನಿಮ್ಮ ಸ್ವಂತ ಕಣ್ಣು. ಕೆನ್ನೆ ಬಂದೂಕಿನ ಹಿಂಬದಿಯ ಹಿಡಿಮರದ ಮೇಲೆ ಕೂರುವ ಎತ್ತರ ತುಸು ಬದಲಾದರೂ ಚರೆ ಬಿಲ್ಲೆಯ ಮೇಲಕ್ಕೋ ಕೆಳಕ್ಕೋ ಹೋಗಿಬಿಡುತ್ತದೆ. ಅಂಗಡಿಯಲ್ಲಿ ಬಂದೂಕನ್ನು ನಡುವೆ ಬಾಗಿಸಿ ತೆರೆದು ಖಾಲಿಯಿದೆಯೆಂದು ಕಣ್ಣಾರೆ ನೋಡಿ, ಬಳಿಕ ಯಾರೂ ಇಲ್ಲದ ಕಡೆಗೆ ಮೂತಿಮಾಡಿ, ಕಣ್ಣು ಮುಚ್ಚಿಕೊಂಡೇ ಭುಜಕ್ಕೇರಿಸಿ ಕೆನ್ನೆ ತಾಗಿಸಿ, ಆಮೇಲೆ ಕಣ್ಣು ಬಿಡಿ. ತುದಿಯ ಮಣಿ ನಳಿಗೆಯ ಮಧ್ಯದಲ್ಲಿ ನೇರವಾಗಿ ಕಂಡರೆ ಬಂದೂಕು ನಿಮಗೆ ಹತ್ತಿರವಿದೆ. ಹೆಬ್ಬೆರಳಿನ ಗೆಣ್ಣಿಗೂ ಮೂಗಿಗೂ ನಡುವೆ ಎರಡು ಬೆರಳಗಲ ಜಾಗವಿರಲಿ, ಇಲ್ಲದಿದ್ದರೆ ಮೊದಲ ತೋಟಾಕ್ಕೇ ಮೂಗಿಗೆ ಪೆಟ್ಟು.

ಅದಕ್ಕೂ ಮೊದಲು ನಿಮ್ಮ ಯಾವ ಕಣ್ಣು ಬಲವಾದುದು ಎಂದು ತಿಳಿದುಕೊಳ್ಳಿ. ಎರಡೂ ಅಂಗೈ ಚಾಚಿ ನಡುವೆ ಸಣ್ಣ ಕಿಂಡಿ ಮಾಡಿ ದೂರದ ತೆಂಗಿನ ಸುಳಿಯನ್ನು ಎರಡೂ ಕಣ್ಣಿನಿಂದ ನೋಡಿ, ಒಂದೊಂದೇ ಕಣ್ಣು ಮುಚ್ಚಿ. ಯಾವ ಕಣ್ಣು ಮುಚ್ಚಿದಾಗ ಸುಳಿ ಕಿಂಡಿಯಿಂದ ಮರೆಯಾಗುತ್ತದೋ ಅದೇ ಬಲವಾದುದು. ಬಲಗೈಯವರಿಗೆ ಎಡಗಣ್ಣು ಬಲವಾಗಿದ್ದರೆ ಎಡಭುಜದಿಂದ ಕಲಿಯಬೇಕು, ಇಲ್ಲವೇ ಕನ್ನಡಕದ ಎಡಗಾಜಿಗೆ ಸಣ್ಣ ಟೇಪ್ ಅಂಟಿಸಿಕೊಳ್ಳಬೇಕು. ಇದನ್ನು ತಿಳಿಯದೆ ಎಡಗೈಯವರಿಗೆಂದು ಹಿಡಿಮರವನ್ನು ಬಾಗಿಸಿದ ಅಥವಾ ಬಲಗೈಯವರ ಬಂದೂಕು ಕೊಂಡರೆ ಹಣ ದಂಡ.

ನಳಿಗೆಯ ಉದ್ದ ಮತ್ತು ಚೋಕ್ (ಚರೆ ಎಷ್ಟು ಹರಡಬೇಕೆಂದು ನಿರ್ಧರಿಸುವ, ನಳಿಗೆಯ ತುದಿಯ ಕಿರಿದಾದ ಭಾಗ) ನೀವು ಆಡುವ ಆಟದ ಮೇಲೆ ನಿಂತಿವೆ. ಟ್ರ್ಯಾಪ್‌ನಲ್ಲಿ ಬಿಲ್ಲೆ ಗಂಟೆಗೆ 100 ಕಿ.ಮೀ. ಮೀರಿದ ವೇಗದಲ್ಲಿ ನಿಮ್ಮಿಂದ ದೂರಕ್ಕೆ ಏರುತ್ತ ಹೋಗುತ್ತದೆ, ಆದ್ದರಿಂದ 30 ಅಥವಾ 32 ಇಂಚಿನ ನಳಿಗೆ, ಬಿಗಿಯಾದ ಚೋಕ್, ತುಸು ಮೇಲಕ್ಕೆ ಹೊಡೆಯುವ ಸ್ವಭಾವ ಬೇಕು. ಸ್ಕೀಟ್‌ನಲ್ಲಿ ಬಿಲ್ಲೆ ಹತ್ತಿರದಲ್ಲೇ ಅಡ್ಡಹಾಯುವುದರಿಂದ 28 ರಿಂದ 30 ಇಂಚು ಮತ್ತು ಚರೆಯನ್ನು ಹರಡುವ ಸಡಿಲ ಚೋಕ್ ಸಾಕು. ನಿಮಗೆ ಇನ್ನೂ ಯಾವುದೆಂದು ಗೊತ್ತಿಲ್ಲವಾದ್ದರಿಂದ 12 ಬೋರ್, 30 ಇಂಚು, ಬಿಚ್ಚಿ ಬದಲಿಸುವ ಚೋಕ್, ಸಾಧ್ಯವಾದರೆ ಕೆನ್ನೆಮರ ಏರಿಳಿಸುವ ಏರ್ಪಾಡು, ಇಷ್ಟಿರುವ ಬಂದೂಕನ್ನು ಹುಡುಕಿ. ವಿದೇಶಿ ಬಂದೂಕನ್ನು ಸಾಮಾನ್ಯ ನಾಗರಿಕರು ನೇರವಾಗಿ ತರಿಸುವಂತಿಲ್ಲದ ಕಾರಣ ನಮ್ಮಲ್ಲಿ ಸಿಗುವುದು ಹೆಚ್ಚಾಗಿ ಕೈಬದಲಾದವು, ಬೆಲೆಯೂ ಬಿಗಿ. ಆದ್ದರಿಂದ ಆತುರಪಡದೆ ಮೊದಲ ಕೆಲವು ತಿಂಗಳು ಬಿಲ್ಲೆ ಹಾರಿಸುವ ರೇಂಜ್ ಇರುವ ಸಂಸ್ಥೆಯಲ್ಲಿ ಅವರದೇ ಬಂದೂಕುಗಳಿಂದ ಕಲಿಯಿರಿ, ಕೂಡಿಟ್ಟ ಹಣ ತೋಟಾಕ್ಕೆ ಬೇಕಾಗುತ್ತದೆ.

ಪ್ರಶ್ನೆ: ನನ್ನ ಮಗಳಿಗೆ 19 ವರ್ಷ, ಮೈಕಟ್ಟು ಸಣ್ಣದು. ಒದೆತ ಕಡಿಮೆಯೆಂದು 20 ಬೋರ್ ಕೊಡಿಸಲು ಪರಿಚಿತರು ಹೇಳುತ್ತಾರೆ. ಸರಿಯೇ? (ಚಿಂತಾಮಣಿಯ ಓದುಗರೊಬ್ಬರು)

ಉತ್ತರ: ಒದೆತವನ್ನು ನಿರ್ಧರಿಸುವುದು ಚರೆಯ ಭಾರ ಮತ್ತು ಬಂದೂಕಿನ ತೂಕ. 20 ಬೋರಿನ ಹಗುರ ಬಂದೂಕಿನಲ್ಲಿ 24 ಗ್ರಾಂ ಹಾರಿಸಿದರೆ, ಅಷ್ಟೇ ಚರೆಯ ತೋಟಾವನ್ನು ಭಾರವಾದ 12 ಬೋರಿನಲ್ಲಿ ಹಾರಿಸಿದ್ದಕ್ಕಿಂತ ಹೆಚ್ಚೇ ಒದೆಯುತ್ತದೆ. ಆಕೆಗೆ ಬೇಕಿರುವುದು ಗಿಡ್ಡಮಾಡಿದ ಹಿಡಿಮರ, ಮತ್ತು ಹಗುರ ತೋಟಾ. ಇನ್ನೊಂದು ಎಚ್ಚರ: ಬೋರ್ ಸಂಖ್ಯೆ ಹೆಚ್ಚಿದಷ್ಟೂ ನಳಿಗೆ ಕಿರಿದು, ಹಾಗಾಗಿ ಮನೆಯಲ್ಲಿ ಎರಡೂ ಬೋರ್ ಇದ್ದರೆ 20ರ ತೋಟಾ 12ರ ನಳಿಗೆಯೊಳಗೆ ಜಾರಿ ಸಿಕ್ಕಿಕೊಳ್ಳುತ್ತದೆ, ಹಿಂದಿನಿಂದ 12ರದನ್ನು ಹಾಕಿ ಹಾರಿಸಿದರೆ ನಳಿಗೆ ಸಿಡಿಯುತ್ತದೆ. 21 ತುಂಬುವವರೆಗೆ ಆಕೆಯ ಹೆಸರಿಗೆ ಪರವಾನಗಿ ಸಿಗುವುದಿಲ್ಲವಾದ್ದರಿಂದ ಸದ್ಯಕ್ಕೆ ತರಬೇತುದಾರರ ಕಣ್ಣೆದುರು ಸಂಸ್ಥೆಯ ಬಂದೂಕಿನಲ್ಲೇ ಕಲಿಯಲಿ.

ಪ್ರಶ್ನೆ: 24 ಇಂಚಿನ ಹಳೆಯ ಡಬಲ್ ಬ್ಯಾರಲ್ ಅಗ್ಗಕ್ಕೆ ಸಿಗುತ್ತಿದೆ. ಅಭ್ಯಾಸಕ್ಕೆ ಕೊಳ್ಳಬಹುದೇ? (ಮಾಲೂರಿನ ಓದುಗರು)

ಉತ್ತರ: ಮೂತಿಯನ್ನು ನೋಡಿ. ಮೂಲ ಬಂದೂಕಿನಲ್ಲಿ ಎರಡು ನಳಿಗೆಗಳು ತುದಿಯಲ್ಲಿ ಒಂದಕ್ಕೊಂದು ತಾಗಿರುತ್ತವೆ. ಸಂದು ಕಂಡರೆ ಯಾರೋ ಕತ್ತರಿಸಿದ್ದಾರೆಂದು ಅರ್ಥ. ಚೋಕ್ ಇರುವುದೇ ತುದಿಯ ಕೆಲವು ಇಂಚಿನಲ್ಲಿ, ಅದು ಕತ್ತರಿಸಿದ ತುಂಡಿನ ಜೊತೆಗೇ ಹೋಗಿರುತ್ತದೆ. ಹಾಗಿದ್ದರೆ ಬೆಲೆ ಎಷ್ಟೇ ಇಳಿಸಿದರೂ ಬಿಟ್ಟುಬಿಡಿ.