ರಸ್ಟ್‌ನಲ್ಲಿ ಸಣ್ಣ ಪ್ರಾಬ್ಲಮ್ ಮಾಡೋಕೆ ಹೋದ್ರೂ ಬರೀ ಎರರ್. ಮುಂದುವರಿಸಲಾ, ಬಿಟ್ಟು ಸಿ++ ಹಿಡಿಯಲಾ?

ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಎರಡನೇ ವರ್ಷ, ಸಿ ಪರವಾಗಿಲ್ಲ, ಪೈಥಾನ್ ಸ್ವಲ್ಪ ಬರುತ್ತೆ, ಸೀನಿಯರ್ ಹೇಳಿದರು ಅಂತ ರಸ್ಟ್ ಅನ್ನೋ ಪ್ರೋಗ್ರಾಮಿಂಗ್ ಭಾಷೆ ಶುರು ಮಾಡಿದ್ದೀರಿ. ಈಗ ಹತ್ತು ನಂಬರ್ ಕೂಡುವ ಪ್ರೋಗ್ರಾಂ ಕೂಡ ಕಂಪೈಲ್ ಆಗ್ತಿಲ್ಲ, ಪ್ಲೇಸ್‌ಮೆಂಟ್‌ಗೆ ಯಾವುದು ಒಳ್ಳೇದು ಅಂತಲೂ ಕೇಳಿದ್ದೀರಿ.

ಪ್ಲೇಸ್‌ಮೆಂಟ್ ವಿಷಯ ಮೊದಲು ಮುಗಿಸಿಬಿಡೋಣ. ಕ್ಯಾಂಪಸ್‌ಗೆ ಬರುವ ಕಂಪನಿಗಳ ಕೋಡಿಂಗ್ ಟೆಸ್ಟ್‌ನಲ್ಲಿ ಸಿ, ಸಿ++, ಜಾವಾ, ಪೈಥಾನ್ ಸಾಮಾನ್ಯವಾಗಿ ಇರುತ್ತವೆ. ರಸ್ಟ್ ಕೆಲವು ಕಡೆ ಇರುತ್ತೆ, ಕೆಲವು ಕಡೆ ಇರಲ್ಲ. ಟೆಸ್ಟ್‌ಗೆ ಅಂತ ಆ ನಾಲ್ಕರಲ್ಲಿ ಒಂದು ಕೈಯಲ್ಲಿರಲಿ. ರಸ್ಟ್ ಕಲಿಯೋದು ಬೇರೆ ಕಾರಣಕ್ಕೆ. ಮೆಮೊರಿಯಲ್ಲಿ ನಿಜಕ್ಕೂ ಏನಾಗುತ್ತೆ ಅನ್ನೋದು ತಲೆಗೆ ಹತ್ತಬೇಕು ಅಂದ್ರೆ, ಇಷ್ಟು ಬಿಡಿಸಿ ಹೇಳುವ ಕಂಪೈಲರ್ ನಾನು ಬೇರೆ ನೋಡಿಲ್ಲ.

ಹಾಗಾಗಿ ಮುಂದುವರಿಸಿ. ಆದರೆ ಹೊಸ ಭಾಷೆ, ಹೊಸ ಪ್ರಾಬ್ಲಮ್ ಎರಡನ್ನೂ ಒಂದೇ ಸಂಜೆ ಇಟ್ಟುಕೊಂಡು ಕೂರಬೇಡಿ. ಎರರ್ ಬಂದಾಗ ಲಾಜಿಕ್ ತಪ್ಪಿತಾ, ಭಾಷೆ ತಪ್ಪಿತಾ ಅಂತ ಗೊತ್ತಾಗದೆ ಒದ್ದಾಡ್ತೀರಿ. ಮೊದಲ ವರ್ಷದ ಸಿ ಲ್ಯಾಬ್ ರೆಕಾರ್ಡ್ ಇನ್ನೂ ಇದೆ ಅಲ್ವಾ? ಅದನ್ನೇ ತೆಗೆಯಿರಿ. ಪ್ರೈಮ್ ನಂಬರ್, ಬಬಲ್ ಸಾರ್ಟ್, ಬೈನರಿ ಸರ್ಚ್, ಮ್ಯಾಟ್ರಿಕ್ಸ್ ಗುಣಾಕಾರ, ಪಾಲಿಂಡ್ರೋಮ್. ಇವುಗಳ ಲಾಜಿಕ್ ನಿಮಗೆ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಬರುತ್ತೆ. ಅವನ್ನೇ ರಸ್ಟ್‌ನಲ್ಲಿ ಬರೆಯಿರಿ. ಆಗ ಬರುವ ಪ್ರತಿ ಎರರ್ ಕೂಡ ಭಾಷೆಯದ್ದೇ ಅಂತ ಖಾತ್ರಿ ಇರುತ್ತೆ. ಆನ್‌ಲೈನ್ ಸೈಟ್‌ಗಳ ಹೊಸ ಪ್ರಾಬ್ಲಮ್ ಆಮೇಲೆ.

ನನ್ನ ಮನೆ ಇಲ್ಲೇ ವಿದ್ಯಾನಗರದ ಕಡೆ. ಕೆಲಸ ಬೆಂಗಳೂರಿನ ಕಂಪನಿಯದ್ದು, ಮಾಡೋದು ಮನೆಯಿಂದ. ಭಾನುವಾರ ನಮ್ಮ ಬೀದಿಯ ಕಾಲೇಜು ಹುಡುಗರು ಲ್ಯಾಪ್‌ಟಾಪ್ ಹಿಡ್ಕೊಂಡು ಬರುತ್ತಾರೆ. ಓನರ್‌ಶಿಪ್ (ಮೆಮೊರಿಯಲ್ಲಿರೋದು ಯಾರ ಸ್ವತ್ತು ಅನ್ನೋ ನಿಯಮ), ಬಾರೋ ಚೆಕರ್ (ಅದನ್ನು ಕಡ ತಗೊಂಡವರ ಮೇಲೆ ಕಣ್ಣಿಡೋದು) ಅಂತ ದೊಡ್ಡ ಹೆಸರು ಕೇಳಿ ಹೆದರಿಕೊಂಡೇ ಬಂದಿರುತ್ತಾರೆ. ಆದರೆ ಎಲ್ಲರೂ ಮೊದಲು ಎಡವೋದು ಇನ್‌ಪುಟ್ ಓದುವ ಕಡೆ.

ಸಿ ಭಾಷೆಯ ಸ್ಕ್ಯಾನ್‌ಎಫ್ ಸ್ಪೇಸ್, ಹೊಸ ಸಾಲು ಎಲ್ಲವನ್ನೂ ತಾನೇ ದಾಟಿಕೊಂಡು ನಂಬರ್ ಎತ್ತಿಕೊಡುತ್ತೆ. ರಸ್ಟ್‌ನ ರೀಡ್ ಲೈನ್ ಹಾಗಲ್ಲ. ನೀವು 12 ಅಂತ ಟೈಪ್ ಮಾಡಿ ಎಂಟರ್ ಒತ್ತಿದರೆ, ಆ ಎಂಟರ್ ಕೂಡ ಸ್ಟ್ರಿಂಗ್ ಒಳಗೆ ಬರುತ್ತೆ. ಅದನ್ನು ಹಾಗೇ ಪಾರ್ಸ್ ಮಾಡಿದರೆ, ಅಂದ್ರೆ ನಂಬರ್ ಆಗಿ ಬದಲಿಸೋಕೆ ಹೋದರೆ, ‘ಇನ್‌ವ್ಯಾಲಿಡ್ ಡಿಜಿಟ್’ ಅಂತ ಪ್ರೋಗ್ರಾಂ ಬಿದ್ದು ಹೋಗುತ್ತೆ. ಟ್ರಿಮ್ ಹಾಕಿದರೆ ಇದು ಸರಿ ಹೋಗುತ್ತೆ, ಎಲ್ಲರೂ ಅದನ್ನು ಹೇಳಿಕೊಡುತ್ತಾರೆ. ಹೇಳದೇ ಬಿಡುವ ಇನ್ನೊಂದು ವಿಷಯ ಇದೆ. ರೀಡ್ ಲೈನ್ ಹಳೆಯದನ್ನು ಅಳಿಸಲ್ಲ, ಅದರ ಬಾಲಕ್ಕೆ ಸೇರಿಸುತ್ತೆ. ಒಂದೇ ಸ್ಟ್ರಿಂಗ್‌ನಲ್ಲಿ ಎರಡನೇ ಸಲ ಓದಿದರೆ ಒಳಗೆ 12, ಹೊಸ ಸಾಲು, 34 ಮೂರೂ ಇರುತ್ತವೆ. ಟ್ರಿಮ್ ಎರಡು ತುದಿ ಮಾತ್ರ ಸವರುತ್ತೆ, ಮಧ್ಯದ್ದು ಹಾಗೇ ಉಳಿಯುತ್ತೆ. ಟ್ರಿಮ್ ಹಾಕಿದ್ದೀನಲ್ಲ, ಮತ್ತೆ ಯಾಕೆ ಅದೇ ಎರರ್ ಅಂತ ಹುಡುಗರು ತಲೆ ಚಚ್ಚಿಕೊಳ್ಳೋದು ಇಲ್ಲೇ. ಪ್ರತಿ ಸಲ ಓದುವ ಮೊದಲು ಕ್ಲಿಯರ್ ಮಾಡಬೇಕು.

ಇದಕ್ಕಿಂತ ಸುಲಭದ ದಾರಿ: ಇನ್‌ಪುಟ್ ಪೂರ್ತಿ ಒಂದೇ ಸಲ ಒಂದು ಸ್ಟ್ರಿಂಗ್‌ಗೆ ಓದಿಕೊಳ್ಳಿ. ಇದಕ್ಕೆ ರೀಡ್ ಟು ಸ್ಟ್ರಿಂಗ್ ಅಂತ ಫಂಕ್ಷನ್ ಇದೆ. ಆಮೇಲೆ ಸ್ಪ್ಲಿಟ್ ವೈಟ್‌ಸ್ಪೇಸ್ ಹಾಕಿ, ನೆಕ್ಸ್ಟ್ ಅಂತ ಒಂದೊಂದೇ ತುಂಡು ತೆಗೆದು ಪಾರ್ಸ್ ಮಾಡಿ. ಸಾಲು ಎಲ್ಲಿ ಮುರಿದಿದೆ ಅನ್ನೋ ಚಿಂತೆಯೇ ಇರಲ್ಲ. ಈ ಕೆಲವೇ ಸಾಲುಗಳನ್ನು ಒಂದು ಫೈಲ್‌ನಲ್ಲಿ ಇಟ್ಟುಕೊಂಡು ಪ್ರತಿ ಪ್ರಾಬ್ಲಮ್‌ಗೂ ಕಾಪಿ ಮಾಡಿ. ಅನ್‌ರ್ಯಾಪ್ (ತಪ್ಪಾದರೆ ಪ್ರೋಗ್ರಾಂ ಅಲ್ಲೇ ನಿಲ್ಲಲಿ ಅನ್ನೋದು) ಹಾಕೋದು ಕೆಟ್ಟ ಅಭ್ಯಾಸ ಅಂತ ಯಾರಾದರೂ ಅಂದರೆ ಕಿವಿಗೆ ಹಾಕ್ಕೋಬೇಡಿ. ಅದು ದೊಡ್ಡ ಪ್ರಾಜೆಕ್ಟ್‌ನ ಮಾತು. ಲ್ಯಾಬ್ ಪ್ರಾಬ್ಲಮ್‌ಗೆ ಧಾರಾಳವಾಗಿ ಹಾಕಿ.

ಇನ್ನು ಕಂಪೈಲರ್‌ನ ಬೈಗುಳದ ವಿಷಯ. ಇಪ್ಪತ್ತು ಎರರ್ ಬಂದರೆ ಮೇಲಕ್ಕೆ ಹೋಗಿ ಮೊದಲನೆಯದನ್ನು ಮಾತ್ರ ಓದಿ. ಅದನ್ನು ಸರಿ ಮಾಡಿದರೆ ಎಷ್ಟೋ ಸಲ ಕೆಳಗಿನವೂ ಮಾಯ. ಎಷ್ಟೋ ಎರರ್‌ಗಳಿಗೆ ಇ0382 ಥರದ ಒಂದು ನಂಬರ್ ಇರುತ್ತೆ. ಟರ್ಮಿನಲ್‌ನಲ್ಲಿ ರಸ್ಟ್‌ಸಿ ಮುಂದೆ ಎಕ್ಸ್‌ಪ್ಲೇನ್ ಆಪ್ಷನ್ ಜೊತೆ ಆ ನಂಬರ್ ಕೊಟ್ಟರೆ ಉದಾಹರಣೆ ಸಮೇತ ವಿವರಣೆ ಬರುತ್ತೆ. ಇಂಟರ್ನೆಟ್ ಕೂಡ ಬೇಡ.

ನಿಮಗೆ ಬಂದಿರೋದು ಬಹುಶಃ ಇದೇ ಇ0382. ವೆಕ್ಟರ್ (ಬೇಕಾದಷ್ಟು ಬೆಳೆಯುವ ಅರೇ) ಮೇಲೆ ಫಾರ್ ಲೂಪ್ ಓಡಿಸಿ ಮೊತ್ತ ತೆಗೆದಿರಿ, ಆಮೇಲೆ ಸರಾಸರಿಗೆ ಅಂತ ಅದೇ ವೆಕ್ಟರ್‌ನ ಉದ್ದ ಕೇಳಿದಿರಿ. ಫಾರ್ ಲೂಪ್‌ಗೆ ವೆಕ್ಟರನ್ನು ಹಾಗೇ ಕೊಟ್ಟರೆ ಅದು ಲೂಪ್‌ನ ಪಾಲಾಯಿತು. ವಾಪಸ್ ಬರಲ್ಲ. ಹೆಸರಿನ ಮುಂದೆ ಒಂದು ಆಂಪರ್ಸಂಡ್ ಹಾಕಿದರೆ ಸಾಕು, ಲೂಪ್ ಸುಮ್ನೆ ನೋಡಿಕೊಂಡು ಹೋಗುತ್ತೆ. ಆ ಆಂಪರ್ಸಂಡ್ ಎಲ್ಲಿ ಹಾಕಬೇಕು ಅಂತಲೂ ಕಂಪೈಲರ್ ‘ಹೆಲ್ಪ್’ ಅಂತ ಬರೆದಿರುತ್ತೆ, ಆ ಸಾಲು ಓದುವಷ್ಟು ತಾಳ್ಮೆ ಇರಬೇಕು ಅಷ್ಟೆ. ಎಲ್ಲಿ ಹಾಕಿದರೂ ಬಗೆಹರಿಯಲಿಲ್ಲ ಅಂದ್ರೆ ಕ್ಲೋನ್ ಮಾಡಿ ಮುಂದೆ ಹೋಗಿ. ನೂರು ನಂಬರ್ ಕಾಪಿ ಆದರೆ ಕಂಪ್ಯೂಟರ್‌ಗೆ ಏನೂ ಭಾರ ಆಗಲ್ಲ.

ಇ0502 ಸ್ವಲ್ಪ ಆಳದ್ದು, ಮಜಾ ಇರೋದೂ ಅಲ್ಲೇ. ವೆಕ್ಟರ್‌ನ ಮೊದಲ ಅಂಶಕ್ಕೆ ಒಂದು ರೆಫರೆನ್ಸ್ ಇಟ್ಟುಕೊಂಡಿರಿ. ಆಮೇಲೆ ವೆಕ್ಟರ್‌ಗೆ ಹೊಸ ನಂಬರ್ ಪುಶ್ ಮಾಡಿದಿರಿ. ಆಮೇಲೆ ಆ ರೆಫರೆನ್ಸ್ ಪ್ರಿಂಟ್ ಮಾಡಿದಿರಿ. ರಸ್ಟ್ ಒಪ್ಪಲ್ಲ. ಇದನ್ನೇ ಸಿ++ನಲ್ಲಿ ಬರೆದರೆ ತಕರಾರಿಲ್ಲದೆ ಕಂಪೈಲ್ ಆಗುತ್ತೆ. ಆದರೆ ವೆಕ್ಟರ್‌ನ ಜಾಗ ತುಂಬಿದ್ದರೆ ಪುಶ್ ಮಾಡಿದಾಗ ಅದು ಮೆಮೊರಿಯಲ್ಲಿ ಬೇರೆ ದೊಡ್ಡ ಜಾಗಕ್ಕೆ ಎದ್ದು ಹೋಗುತ್ತೆ. ನಿಮ್ಮ ರೆಫರೆನ್ಸ್ ಮಾತ್ರ ಹಳೇ ವಿಳಾಸವನ್ನೇ ತೋರಿಸ್ತಾ ಇರುತ್ತೆ. ಒಂದು ದಿನ ಸರಿಯಾದ ಉತ್ತರ, ಇನ್ನೊಂದು ದಿನ ಕಸ. ರಸ್ಟ್‌ನ ನಿಯಮ ನಮ್ಮ ಎಪಿಎಂಸಿ ದಲಾಲಿ ಅಂಗಡಿಯ ಖಾತೆ ಪುಸ್ತಕದ್ದೇ: ಯಾರೂ ಬರೀತಿಲ್ಲ ಅಂದ್ರೆ ಎಷ್ಟು ಜನ ಬೇಕಾದರೂ ಬಗ್ಗಿ ನೋಡಬಹುದು, ಗುಮಾಸ್ತ ಬರೆಯೋಕೆ ಕೂತರೆ ಪುಸ್ತಕ ಅವನೊಬ್ಬನ ಕೈಯಲ್ಲೇ.

ಇಷ್ಟು ಕಟ್ಟುನಿಟ್ಟು ಯಾಕೆ ಅಂದ್ರೆ, 2006ರಲ್ಲಿ ಗ್ರೇಡನ್ ಹೋರ್ ಇದನ್ನು ಶುರು ಮಾಡಿದ್ದೇ ಇಂಥ ಮೆಮೊರಿ ತಪ್ಪುಗಳ ಮೇಲಿನ ಸಿಟ್ಟಿಗೆ. ಅವರಿದ್ದ ಕಟ್ಟಡದ ಲಿಫ್ಟ್‌ನ ಸಾಫ್ಟ್‌ವೇರ್ ಕೈಕೊಟ್ಟು ಮೆಟ್ಟಿಲು ಹತ್ತಬೇಕಾಗಿ ಬಂದಿತ್ತಂತೆ. ಆಗ ಅವರು ಫೈರ್‌ಫಾಕ್ಸ್ ಬ್ರೌಸರ್ ಮಾಡುವ ಮೊಜಿಲ್ಲಾದಲ್ಲಿದ್ದರು. 2015ರ ಮೇ ತಿಂಗಳಲ್ಲಿ 1.0 ಬಂತು. 2022ರ ಡಿಸೆಂಬರ್‌ನಲ್ಲಿ ಲಿನಕ್ಸ್ ಕರ್ನಲ್ 6.1ರ ಒಳಗೂ ಜಾಗ ಸಿಕ್ಕಿತು.

ಲ್ಯಾಬ್ ರೆಕಾರ್ಡ್ ಮುಗಿದ ಮೇಲೆ ನಮ್ಮೂರಿನ ಲೆಕ್ಕವನ್ನೇ ಪ್ರಾಬ್ಲಮ್ ಮಾಡಿಕೊಳ್ಳಿ. ಭಾನುವಾರ ಬರುವ ಒಬ್ಬ ಹುಡುಗಿಯ ಮನೆಯವರದ್ದು ಮೆಕ್ಕೆಜೋಳದ ವ್ಯಾಪಾರ. ಪ್ರತಿ ಸಾಲಿನಲ್ಲಿ ಒಂದು ಲಾಟ್‌ನ ತೂಕ, ಕ್ವಿಂಟಲ್‌ಗೆ ರೇಟು. ಯಾವ ಲಾಟ್‌ಗೆ ಹೆಚ್ಚು ದುಡ್ಡು ಬಂತು ಅಂತ ಕಂಡುಹಿಡಿಯಬೇಕು. ತೂಕ 52.5 ಕ್ವಿಂಟಲ್ ಅಂತ ಇರುತ್ತಲ್ಲ, ಎಫ್64 (ದಶಮಾಂಶದ ಸಂಖ್ಯೆಗೆ ಇರುವ ಟೈಪ್) ತಗೊಂಡಳು. ಎಲ್ಲ ಲಾಟ್‌ನ ಮೊತ್ತದ ಮೇಲೆ ಮ್ಯಾಕ್ಸ್ ಹಾಕಿದರೆ ಎರರ್: ಎಫ್64ಗೆ ‘ಆರ್ಡ್’ ಇಲ್ಲ, ಅಂದ್ರೆ ಎಲ್ಲವನ್ನೂ ಸಾಲಾಗಿ ನಿಲ್ಲಿಸುವ ಖಚಿತ ಕ್ರಮ ಇಲ್ಲ. ಅಲ್ಲಣ್ಣ, ಎರಡು ನಂಬರ್‌ನಲ್ಲಿ ದೊಡ್ಡದು ಯಾವುದು ಅಂತ ಹೇಳೋಕೂ ಬರಲ್ವಾ ಇದಕ್ಕೆ ಅಂತ ಕೇಳಿದಳು. ಎಲ್ಲ ಸಲವೂ ಬರಲ್ಲ, ಯಾಕಂದ್ರೆ ದಶಮಾಂಶದ ಸಂಖ್ಯೆಗಳಲ್ಲಿ ‘ನ್ಯಾನ್’ ಅಂತ ಒಂದಿದೆ. ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದರೆ ಸಿಗೋದು. ಅದು ಯಾವುದಕ್ಕಿಂತಲೂ ದೊಡ್ಡದಲ್ಲ, ಚಿಕ್ಕದಲ್ಲ, ತನಗೆ ತಾನೇ ಸಮವೂ ಅಲ್ಲ. ಟೋಟಲ್ ಸಿಎಂಪಿ ಅಂತ ಒಂದು ದಾರಿ ಇದೆ. ನಾನು ಹೇಳಿದ್ದು ಅದಲ್ಲ: ಕ್ವಿಂಟಲ್ ಬಿಟ್ಟು ಕೆಜಿಯಲ್ಲಿ ಬರಿ. 52.5 ಹೋಗಿ 5250 ಆಯಿತು, ದಶಮಾಂಶವೇ ಇಲ್ಲ. ದುಡ್ಡಿನ ಲೆಕ್ಕವನ್ನು ಯಾವ ಭಾಷೆಯಲ್ಲೇ ಆಗಲಿ ಪೂರ್ಣಾಂಕದಲ್ಲೇ ಮಾಡೋದು ಒಳ್ಳೇದು.

ಅಲ್ಲೇ ಇನ್ನೊಂದು ಗುಂಡಿ ಇತ್ತು. ರೇಟು 2100 ಅಂದುಕೊಳ್ಳಿ. 5250ರಿಂದ ಗುಣಿಸಿದರೆ 1,10,25,000. ನೂರರಿಂದ ಭಾಗಿಸಿದರೆ 1,10,250 ರೂಪಾಯಿ. ಭಾಗಿಸೋದನ್ನು ಕೊನೆಗೆ ಇಟ್ಟುಕೊಂಡು ಇಂಥ ಲಾಟ್‌ಗಳನ್ನು ಕೂಡ್ತಾ ಹೋದರೆ 195ನೇ ಲಾಟ್‌ಗೆ ಐ32 (32 ಬಿಟ್‌ನ ಪೂರ್ಣಾಂಕ) ತುಂಬಿ ಹೋಗುತ್ತೆ, ಅದರ ಮಿತಿ 2,14,74,83,647. ಸುಮ್ನೆ ಕಾರ್ಗೋ ರನ್ ಅಂತ ಕೊಟ್ಟು ಓಡಿಸಿದರೆ ಪ್ರೋಗ್ರಾಂ ಅಲ್ಲೇ ನಿಂತು ಓವರ್‌ಫ್ಲೋ ಅಂತ ಹೇಳುತ್ತೆ. ರಿಲೀಸ್ ಆಪ್ಷನ್ ಕೊಟ್ಟು ಓಡಿಸಿದರೆ ಹೇಳಲ್ಲ, ಮೊತ್ತ ಮೈನಸ್‌ಗೆ ತಿರುಗಿರುತ್ತೆ. ಮೊತ್ತಕ್ಕೆ ಯಾವಾಗಲೂ ಐ64 ಇಡಿ. ಟೈಮ್ ಲಿಮಿಟ್ ಇರುವ ಪ್ರಾಬ್ಲಮ್‌ನಲ್ಲಿ ವೇಗ ನೋಡೋಕೆ ರಿಲೀಸ್, ತಪ್ಪು ಹುಡುಕೋಕೆ ಮಾಮೂಲಿ ರನ್.

ಅರೇ ಇಂಡೆಕ್ಸ್‌ಗೆ ಐ32 ನಡೆಯಲ್ಲ, ಯುಸೈಜ್ ಬೇಕು. ಯುಸೈಜ್‌ನಲ್ಲಿ ಮೈನಸ್ ಇಲ್ಲ. ಸೊನ್ನೆಯಿಂದ ಒಂದು ಕಳೆದರೆ ಮಾಮೂಲಿ ರನ್‌ನಲ್ಲಿ ಅಲ್ಲೂ ಪ್ಯಾನಿಕ್, ಅಂದ್ರೆ ಪ್ರೋಗ್ರಾಂ ನಿಂತೇ ಹೋಗುತ್ತೆ. ಇನ್ಸರ್ಷನ್ ಸಾರ್ಟ್‌ನಲ್ಲಿ ಸಿ ಥರ ಜೆ ಸೊನ್ನೆಗಿಂತ ದೊಡ್ಡದು ಅಥವಾ ಸಮ ಅಂತ ಬರೆದರೆ ಆ ಷರತ್ತು ಯಾವತ್ತೂ ಸುಳ್ಳಾಗಲ್ಲ. ಸೊನ್ನೆಗಿಂತ ದೊಡ್ಡದು ಅಂತಷ್ಟೇ ಬರೆದು, ಜೆ ಮತ್ತು ಅದರ ಹಿಂದಿನದನ್ನು ಹೋಲಿಸಿ.

ಪಾಲಿಂಡ್ರೋಮ್ ಮಾಡುವಾಗ ಸ್ಟ್ರಿಂಗ್‌ಗೆ ಇಂಡೆಕ್ಸ್ ಹಾಕೋಕೆ ಬಿಡಲ್ಲ ಅಂತ ಸಿಟ್ಟು ಬರುತ್ತೆ. ಇದಕ್ಕೆ ಇಂಗ್ಲಿಷ್ ಪದ ಬಿಟ್ಟು ‘ದಾವಣಗೆರೆ’ ಕೊಟ್ಟು ನೋಡಿ. ನಾವು ಎಣಿಸಿದರೆ 5 ಅಕ್ಷರ. ರಸ್ಟ್‌ನಲ್ಲಿ ಲೆನ್ ಕೇಳಿದರೆ 24. ಕ್ಯಾರ್ಸ್ ಹಾಕಿ ಎಣಿಸಿದರೆ 8. ಮೂರೂ ಸರಿಯೇ. ದೀರ್ಘ, ಎತ್ವ ಎಲ್ಲ ಯೂನಿಕೋಡ್‌ನಲ್ಲಿ ಬೇರೆ ಬೇರೆ ಗುರುತು, ಹಾಗಾಗಿ 8. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಗುರುತಿಗೂ 3 ಬೈಟ್, ಹಾಗಾಗಿ 24. ಈಗ ಕ್ಯಾರ್ಸ್ ತಗೊಂಡು ತಿರುಗಿಸಿ. ಮೊದಲು ಅಕ್ಷರವೇ ಇಲ್ಲದ ಒಂಟಿ ಎತ್ವ, ಆಮೇಲೆ ‘ರೆಗಣವಾದ’ ಅಂತ ಬರುತ್ತೆ. ‘ದಾ’ದ ದೀರ್ಘ ಹೋಗಿ ‘ವ’ಕ್ಕೆ ಅಂಟಿದೆ, ‘ಗೆ’ಯ ಎತ್ವ ‘ರ’ಕ್ಕೆ ಅಂಟಿದೆ. ‘ರೆಗೆಣವದಾ’ ಬೇಕು ಅಂದ್ರೆ ಯೂನಿಕೋಡ್ ಸೆಗ್ಮೆಂಟೇಷನ್ ಅನ್ನೋ ಕ್ರೇಟ್ (ರಸ್ಟ್‌ನ ಲೈಬ್ರರಿ) ಸೇರಿಸಿಕೊಳ್ಳಬೇಕು. ಸ್ಟ್ರಿಂಗ್‌ನ ಮೂರನೇ ಅಕ್ಷರ ಕೊಡು ಅಂದಾಗ ರಸ್ಟ್ ಹಿಂದೇಟು ಹಾಕೋದು ಇದಕ್ಕೇ: ಯಾವ ಲೆಕ್ಕದ ಮೂರನೆಯದು ಅಂತ ಅದಕ್ಕೆ ಗೊತ್ತಿಲ್ಲ. ಪ್ರಾಬ್ಲಮ್‌ನಲ್ಲಿ ಬರೀ ಇಂಗ್ಲಿಷ್ ಅಕ್ಷರ ಅಂತ ಇದ್ದರೆ ಆಸ್ ಬೈಟ್ಸ್ ಹಾಕಿ, ಸಿ ಅರೇ ಥರ ಆರಾಮಾಗಿ ಇಂಡೆಕ್ಸ್ ಮಾಡಿ.

ಲಿಂಕ್ಡ್ ಲಿಸ್ಟ್ ಸದ್ಯಕ್ಕೆ ಬೇಡ. ಡೇಟಾ ಸ್ಟ್ರಕ್ಚರ್ ಲ್ಯಾಬ್‌ನ ಡಬ್ಲಿ ಲಿಂಕ್ಡ್ ಲಿಸ್ಟನ್ನು ಸಿಯಲ್ಲೇ ಮಾಡಿ ಮುಗಿಸಿ. ಎರಡು ನೋಡ್ ಒಂದನ್ನೊಂದು ಹಿಡ್ಕೊಂಡಿರೋದು ಓನರ್‌ಶಿಪ್ ನಿಯಮಕ್ಕೆ ನೇರ ಹೊಂದಲ್ಲ, ಅನುಭವ ಇದ್ದವರಿಗೂ ಅದು ತಲೆನೋವೇ. ಸ್ಟ್ಯಾಕ್ ಬೇಕಾದರೆ ವೆಕ್, ಕ್ಯೂ ಬೇಕಾದರೆ ವೆಕ್‌ಡೆಕ್. ರಸ್ಟ್ ಕಲಿಕೆಯ ಮೊದಲ ವರ್ಷ ದಾಟೋಕೆ ಇಷ್ಟು ಸಾಕು.

ಲ್ಯಾಪ್‌ಟಾಪ್ ವಿಂಡೋಸ್ ಆಗಿದ್ದರೆ ಒಂದು ಮಾತು. ರಸ್ಟ್ ಹಾಕುವಾಗ ಮೈಕ್ರೋಸಾಫ್ಟ್‌ನ ಸಿ++ ಬಿಲ್ಡ್ ಟೂಲ್ಸ್ ಕೂಡ ಕೇಳುತ್ತೆ, ಅದರ ಡೌನ್‌ಲೋಡ್ ಜಿಬಿಗಟ್ಟಲೆ. ಹಾಸ್ಟೆಲ್ ವೈಫೈ ನಂಬಬೇಡಿ, ಕಾಲೇಜು ಲ್ಯಾಬ್‌ನಲ್ಲಿ ಮುಗಿಸಿಕೊಳ್ಳಿ. ಉಬುಂಟು ಇದ್ದರೆ ಬಿಲ್ಡ್ ಎಸೆನ್ಷಿಯಲ್ ಹಾಕಿದರಾಯಿತು. ಆಮೇಲೆ ರಸ್ಟ್‌ಅಪ್ ಡಾಕ್ ಅಂತ ಟೈಪ್ ಮಾಡಿದರೆ ಅಧಿಕೃತ ಪಠ್ಯ ಪೂರ್ತಿ ನಿಮ್ಮ ಮಷೀನ್‌ನಲ್ಲೇ ತೆರೆದುಕೊಳ್ಳುತ್ತೆ, ನೆಟ್ ಇಲ್ಲದಿದ್ದರೂ ಓದಬಹುದು.