ಪರ್ತ್: ಸ್ಕಾರ್‌ಬರೋನಾ, ಹಿಲರಿಸಾ?

ನಿಮ್ಮಿಬ್ಬರಿಗೂ ಆಸ್ಟ್ರೇಲಿಯಾದ ಪರ್ತ್ ಸಿಟಿಯಲ್ಲಿ ಕೆಲಸ, ಮಗಳಿಗೆ ಹನ್ನೆರಡು, ಮಗನಿಗೆ ಐದು, ಕಡಲ ಹತ್ತಿರದ ಬಡಾವಣೆಗಳಲ್ಲಿ ಮನೆ ಮಾಡಲು ಸ್ಕಾರ್‌ಬರೋನಾ ಹಿಲರಿಸಾ ಅಂತ ಕೇಳಿದ್ದೀರಿ. ನಾನಾದರೆ ಮೊದಲು ಶಾಲೆ ನೋಡಿ, ಆಮೇಲೆ ಮನೆ ಹುಡುಕುತ್ತೇನೆ.

ಇಲ್ಲಿ ಸರ್ಕಾರಿ ಶಾಲೆಗೆ ಸೇರಿಸುವಾಗ ಮೊದಲು ನೋಡುವುದೇ ಮನೆ ವಿಳಾಸ. ರಸ್ತೆಯ ಈ ಬದಿಗೆ ಒಂದು ಶಾಲೆ, ಆ ಬದಿಗೆ ಇನ್ನೊಂದು ಆಗಬಹುದು. ಬಾಡಿಗೆ ಕರಾರಿಗೆ ಸಹಿ ಹಾಕುವ ಮೊದಲು ಮನೆ ನಂಬರ್ ಹೇಳಿ ಶಾಲೆಯ ಆಫೀಸಿಗೇ ಫೋನ್ ಮಾಡಿ. ಸುಮ್ನೆ ಏಜೆಂಟ್ ಮಾತು ನಂಬಬೇಡಿ. 2015ರಿಂದ ಇಲ್ಲಿ 7ನೇ ತರಗತಿಗೇ ಹೈಸ್ಕೂಲು. ಹಾಗಾಗಿ ಮಗಳದು ಬೇರೆ ಶಾಲೆ, ಮಗನದು ಬೇರೆ. ಎರಡರ ಗಡಿಯನ್ನೂ ನೋಡಬೇಕು. ಮಗನಿಗೆ ಜೂನ್ 30ರೊಳಗೆ ಐದು ತುಂಬುವ ವರ್ಷ ಪ್ರಿ-ಪ್ರೈಮರಿ (ಒಂದನೇ ತರಗತಿಗೆ ಮುಂಚಿನ ವರ್ಷ), ಅದು ಕಡ್ಡಾಯ. ಶಾಲೆ ಶುರುವಾಗುವುದು ನಮ್ಮೂರಿನ ಹಾಗೆ ಜೂನ್‌ನಲ್ಲಲ್ಲ, ಫೆಬ್ರವರಿ ಹೊತ್ತಿಗೆ. ತಾತ್ಕಾಲಿಕ ಕೆಲಸದ ವೀಸಾ ಆದರೆ ಸರ್ಕಾರಿ ಶಾಲೆಗೂ ಫೀ ಬೀಳಬಹುದು. ಅದನ್ನು ಕಂಪನಿ ಕೊಡುತ್ತಾ ಅಂತ ಈಗಲೇ ಕೇಳಿ, ಬಂದ ಮೇಲೆ ಕೇಳಿದರೆ ಯಾರೂ ಕಿವಿಗೆ ಹಾಕಿಕೊಳ್ಳಲ್ಲ!

ಸಣ್ಣ ಮಗು ಇದೆಯಲ್ವಾ, ಹಿಲರಿಸ್ಸೇ ಮೇಲು. ಅಲ್ಲಿನ ದೋಣಿ ಬಂದರಿನ ಕಲ್ಲುಗೋಡೆಯ ಒಳಗೆ ನೀರು ಶಾಂತ. ಸ್ಕಾರ್‌ಬರೋದಲ್ಲಿ ಅಲೆ ಜಾಸ್ತಿ, ಸರ್ಫಿಂಗ್‌ನವರ ಜಾಗ. ಎರಡು ಕಡೆಯೂ ರೈಲಿಲ್ಲ, ಸ್ಟೇಷನ್‌ಗೆ ಬಸ್ಸೇ ಗತಿ. ಬೇಸಿಗೆಯ ಮಧ್ಯಾಹ್ನ ಕಡಲ ಗಾಳಿ ಬೀಸಿದರೆ ಹಾಯೆನಿಸುತ್ತೆ, ಒಣಗಿಸಿದ ಬಟ್ಟೆಗೆ ಮಾತ್ರ ಗಟ್ಟಿ ಕ್ಲಿಪ್ ಬೇಕು. ಕಿಟಕಿಯಿಂದಲೇ ಕಡಲು ಕಾಣಬೇಕು ಅಂತಿಲ್ಲ ಅಂದರೆ ಸ್ವಲ್ಪ ಒಳಗಿನ ಡಂಕ್ರೇಗ್ ಬಡಾವಣೆಯನ್ನೂ ನೋಡಿ. ಗ್ರೀನ್‌ವುಡ್ ರೈಲು ಸ್ಟೇಷನ್ ಪಕ್ಕದಲ್ಲೇ ಇದೆ, ಹಿಲರಿಸ್ ಬೀಚಿಗೆ ಕಾರಿನಲ್ಲಿ ಸ್ವಲ್ಪವೇ ದೂರ.